ಹತ್ತೊಂಬತ್ತನೆಯ ಬಿಳಿ

ನಮ್ಮೂರಿನ ಹೊಗೆಯಲ್ಲಿ ಬಿಳಿಯೊಂದನ್ನು ಬಿಟ್ಟು ಇನ್ನಾವ ಬಣ್ಣವೂ ಕಾಣುವುದಿಲ್ಲ. ಗುಡ್ಡಕ್ಕೆ ಬೆಂಕಿ ಬಿದ್ದು, ಹೊಗೆ ಇಳಿದು ಬಂದು ಊರಿನ ಮೇಲೆ ಮಲಗಿತೆಂದರೆ ಎರಡು ತಿಂಗಳು ಏಳುವುದಿಲ್ಲ. ಆಗ ಕೆಂಪು ಬಸ್ಸು ಮೈಮೇಲೆ ಬರುವವರೆಗೂ ಬಸ್ಸೆಂದು ಗೊತ್ತಾಗುವುದಿಲ್ಲ. ದೀಪ, ಪಂಜು, ಸರ್ಚ್‌ಲೈಟು, ಯಾವುದನ್ನು ಹಿಡಿದರೂ ಒಂದು ಮಾರಿನಾಚೆಗೆ ಬೆಳಕು ಹೋಗುವುದಿಲ್ಲ. ಆದರೆ ಒಗೆದ ಬಿಳಿ ಬಟ್ಟೆಯೊಂದನ್ನು ಮಾಳಿಗೆಯ ಮೇಲೆ ಹಾಸಿ ನೋಡಿ, ಗುಡ್ಡದ ನೆತ್ತಿಗೆ ಕಾಣುತ್ತದೆ. ಏಕೆ ಹೀಗೆ ಎಂದು ಕಂಡುಹಿಡಿಯಲು ಹೊರಗಿನವರು ಒಂದೆರಡು ಸಲ ಬಂದು ಶೀಸೆಗಳಲ್ಲಿ ಹೊಗೆ ತುಂಬಿಸಿಕೊಂಡು ಹೋದರು. ಅವರು ತಿರುಗಿ ಬಂದು ಹೇಳಲಿಲ್ಲ, ನಾವೂ ಕೇಳಲು ಹೋಗಲಿಲ್ಲ.

ಆದ್ದರಿಂದ ಹೊಗೆಯ ತಿಂಗಳುಗಳಲ್ಲಿ ಊರಿನಲ್ಲಿ ಬಿಳಿ ಬಂದ್. ಬಂದ್ ಮಾಡಿಸುವವನು ನಾನು. ಪುರಸಭೆಯ ಕಾಗದಗಳಲ್ಲಿ ನನ್ನ ಹುದ್ದೆಗೆ ಒಂದೂವರೆ ಸಾಲಿನ ಹೆಸರಿದೆ. ಊರವರು ಬಿಳಿ ಗುಮಾಸ್ತ ಅನ್ನುತ್ತಾರೆ, ಬೇಕಾದವರು ಮೈಲಾರಣ್ಣ ಅನ್ನುತ್ತಾರೆ. ಮೊದಲ ಹೊಗೆ ಕಂಡ ವಾರದೊಳಗೆ ಮನೆಮನೆಯ ಬಿಳಿ ಪಂಚೆ, ಹೊದಿಕೆ, ಬನೀನುಗಳನ್ನೆಲ್ಲ ಗಂಟು ಕಟ್ಟಿಸಿ, ಹಳೇ ಸಂತೆ ಬೀದಿಯ ಗೋದಾಮಿಗೆ ತುಂಬಿಸಿ ಬೀಗ ಜಡಿಯುತ್ತೇನೆ. ಮದುವೆ ಗಂಡು ಅರಿಸಿನದಲ್ಲಿ ಅದ್ದಿದ ಪಂಚೆ ಉಡುತ್ತಾನೆ. ಮಲ್ಲಿಗೆ ಮಾರುವವರು ಕನಕಾಂಬರ ಮಾರುತ್ತಾರೆ. ಸುಣ್ಣ ಬಳಿದ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಾರೆ, ಬಿಳಿ ಹಸುವನ್ನು ಕೊಟ್ಟಿಗೆಯಿಂದ ಹೊರಗೆ ಬಿಡುವುದಿಲ್ಲ, ಕಚೇರಿಯ ಕಾಗದವೆಲ್ಲ ಹಳದಿ. ತಲೆ ನರೆತವರು ಟೋಪಿಯನ್ನೋ ವಸ್ತ್ರವನ್ನೋ ಹಾಕಿಕೊಳ್ಳದೆ ಹೊಸಿಲು ದಾಟುವಂತಿಲ್ಲ. ಯಾರಾದರೂ ಬೀದಿಯಲ್ಲಿ ಜೋರಾಗಿ ನಕ್ಕರೆ, "ಹಲ್ಲು ಮುಚ್ಚೋ, ವಿಮಾನ ಇಳಿದೀತು" ಎಂದು ಗದರುವುದು ನಮ್ಮಲ್ಲಿ ಹಳೆಯ ತಮಾಷೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲ ಕಡೆಯೂ ಇದೆ. ಅದನ್ನು ಆಕಾಶದಲ್ಲಿರುವವನಿಗೆ ಹೇಳುವವರು ಯಾರು?

ನಮ್ಮ ವಿಮಾನ ನಿಲ್ದಾಣಕ್ಕೆ ಇಳಿಯುವ ದಾರಿ ಎರಡು. ಪೂರ್ವದ್ದು ಕೆರೆಯ ಮೇಲಿನದು. ಆ ಕಡೆ ದಾರಿ ತೋರುವ ಯಂತ್ರವಿದೆ. ಮೋಡವಿರಲಿ ಮಳೆಯಿರಲಿ ಅದು ವಿಮಾನವನ್ನು ಕೈಹಿಡಿದು ಕರೆತಂದು ಬಿಡುತ್ತದೆ. ಆದರೆ ಬೆಂಕಿಯ ಕಾಲದಲ್ಲಿ ಕೆರೆಯ ಮೇಲಿನ ಆಕಾಶವೆಲ್ಲ ನೀರು ಮೊಗೆದು ಗುಡ್ಡಕ್ಕೆ ಸುರಿಯುವ ಹೆಲಿಕಾಪ್ಟರುಗಳ ಪಾಲು. ನಾನು ಹೇಳುತ್ತಿರುವ ವರ್ಷವಂತೂ ಬೆಂಕಿ ಕೆರೆಯಂಚಿಗೇ ಬಂದು ಯಂತ್ರವಿದ್ದ ಕೋಣೆಯನ್ನೂ ಸುಟ್ಟುಹಾಕಿತ್ತು. ಉಳಿದದ್ದು ಪಶ್ಚಿಮದ ದಾರಿ. ಅಲ್ಲಿ ಯಂತ್ರವಿಲ್ಲ, ಸಾಲಿದೆ. ಕಣಿವೆಯ ಬಾಯಿಂದ ರನ್‌ವೇವರೆಗೆ ಹತ್ತೊಂಬತ್ತು ಮನೆಗಳು. ಸೈರನ್ ಕೂಗಿದೊಡನೆ ಒಂದೊಂದು ಮನೆಯವರೂ ಮಾಳಿಗೆ ಹತ್ತಿ ಹನ್ನೆರಡು ಮೊಳದ ಬಿಳಿ ಬಟ್ಟೆ ಹಾಸುತ್ತಾರೆ. ಪೈಲಟ್ ಒಂದೊಂದೇ ಬಿಳಿಯನ್ನು ಎಣಿಸಿಕೊಂಡು ಇಳಿಯುತ್ತಾನೆ. ನಡುವೆ ಬೇರೆ ಬಿಳಿ ಕಂಡರೆ ಅವನ ಲೆಕ್ಕ ತಪ್ಪುತ್ತದೆ. ಹದಿನೆಂಟು ಮನೆಗಳು ನೂಲು ಹಿಡಿದಂತೆ ನೇರಕ್ಕಿವೆ. ಹತ್ತೊಂಬತ್ತನೆಯದು ಮಾತ್ರ ಎಡಕ್ಕೆ ಸರಿದು ನಿಲ್ದಾಣದ ಬೇಲಿಯ ಪಕ್ಕ ಒಂಟಿಯಾಗಿದೆ. ಅದು ಕಂಡಾಗ ಪೈಲಟ್ ಎಡಕ್ಕೆ ತಿರುಗಬೇಕು. ತಿರುಗಿದರೆ ರನ್‌ವೇಯ ಗೆರೆ ಎದುರಿಗೇ ಇರುತ್ತದೆ. ತಿರುಗದೆ ನೇರ ಹೋದರೆ ಊರಿನ ನೀರಿನ ಟ್ಯಾಂಕು.

ಆ ಕೊನೆಯ ಮನೆ ಬೋರಲಿಂಗಯ್ಯನವರದು. ನಲವತ್ತು ವರ್ಷ ಅವರೇ ಮಾಳಿಗೆ ಹತ್ತಿ ಬಟ್ಟೆ ಹಾಸಿದರು. ಹೆಂಡತಿಗೂ ಬಿಡುತ್ತಿರಲಿಲ್ಲ, ಮಗಳಿಗೂ ಬಿಡುತ್ತಿರಲಿಲ್ಲ. ಹಾಸಿದ ಮೇಲೆ ನಾಲ್ಕು ಮೂಲೆಗೂ ನಾಲ್ಕು ಇಟ್ಟಿಗೆ ಹೇರಿ, ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚುವರು. ವಿಮಾನ ತಲೆಯ ಮೇಲೆ ಹೋಗುವಾಗ ಅದರ ಹೊಟ್ಟೆ ನೋಡಿ, "ಇವತ್ತು ಜನ ಕಮ್ಮಿ" ಅಂತಲೋ "ಇವತ್ತು ಭಾರ ಅದೆ" ಅಂತಲೋ ಅನ್ನುವರು. ಅವರ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ಅವರಿಗೆ ಒಬ್ಬಳೇ ಮಗಳು, ಇಂದುಮತಿ. ಚಿಕ್ಕವಳಿದ್ದಾಗ ನಾನು ಅವಳ ಬಿಳಿ ಬೆಕ್ಕಿನ ಮರಿಯನ್ನು ಕೋಣೆಯಲ್ಲಿ ಕೂಡಬೇಕೆಂದು ಹೇಳಿದ್ದಕ್ಕೆ, ಮರುದಿನ ಅದಕ್ಕೆ ಒಲೆಯ ಮಸಿ ಬಳಿದು ಎತ್ತಿಕೊಂಡು ಬಂದು, "ಈಗ ಸರೀನಾ?" ಎಂದು ಕೇಳಿದ್ದಳು. ಸರಿಯಾಗಿಯೇ ಇತ್ತು. ಈಗ ಅವಳು ಬಂದರಿನ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸು.

ಸಾಲಿನ ಮನೆಗಳಿಗೆ ಒಂದು ಪದ್ಧತಿಯಿದೆ. ಮನೆಯ ಯಜಮಾನ ತೀರಿಕೊಂಡರೆ ಅವನು ಹಾಸುತ್ತಿದ್ದ ಬಟ್ಟೆಯನ್ನೇ ಅವನಿಗೆ ಹೊದಿಸುತ್ತಾರೆ. ಬೇರೆಯವರಿಗೆ ಇಲ್ಲದ ಮರ್ಯಾದೆ ಅದು. ಹೊಸ ಬಟ್ಟೆ ನೇಯಿಸಿ, ಒಗೆಸಿ ತರಲು ಮೂರು ದಿನ ಬೇಕು, ಅದರ ಬದಲು ಬೇರೆ ಬಟ್ಟೆ ಹಾಸುವ ಪದ್ಧತಿಯಿಲ್ಲ. ಅಲ್ಲಿಯವರೆಗೆ ಆ ಮಾಳಿಗೆ ಬರಿದು, ವಿಮಾನ ಇಲ್ಲ. ಸಾವಿನ ಸುದ್ದಿಯನ್ನು ಬಿಳಿ ಗುಮಾಸ್ತ ಗಂಟೆಯೊಳಗೆ ಹಳದಿ ಚೀಟಿಯಲ್ಲಿ ಬರೆದು ಟವರಿಗೆ ಮುಟ್ಟಿಸಬೇಕು. ಹನ್ನೊಂದು ವರ್ಷದಲ್ಲಿ ನಾನು ಅಂಥ ಏಳು ಚೀಟಿ ಬರೆದಿದ್ದೆ, ಏಳನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದೆ. ಎಂಟನೆಯದು ಬೋರಲಿಂಗಯ್ಯನವರದು.

ಬೆಳಗಿನ ಹತ್ತೂವರೆಗೆ ಪ್ರಾಣ ಹೋಗಿತ್ತು. ಹೊಗೆಯಲ್ಲಿ ಮನೆಗಳ ತಪಾಸಣೆಗೆ ಹೊರಟಿದ್ದ ನಾನು ಹನ್ನೊಂದಕ್ಕೆ ಅಲ್ಲಿ ಮುಟ್ಟಿದಾಗ, ಅವರ ಹೆಂಡತಿ ಸಾಕಮ್ಮ ಬಾಗಿಲಲ್ಲಿ ನಿಂತಿದ್ದರು. ಅಳುತ್ತಿರಲಿಲ್ಲ. ನಾನು ಜೇಬಿನಿಂದ ಹಳದಿ ಕಾಗದ ತೆಗೆದದ್ದನ್ನು ನೋಡಿದರು.

"ಬರೀಬ್ಯಾಡ ಮೈಲಾರಣ್ಣ," ಅಂದರು. "ಮಗಳು ಹೊರಟವ್ಳೆ. ಒಂದು ಗಂಟೆಗೆ ಇಮಾನ ಹತ್ತತಾಳೆ. ಅಪ್ಪಂಗೆ ಉಸಾರಿಲ್ಲ ಬಾ ಅಂತ ರಾತ್ರಿ ಪೋನು ಮಾಡಿದ್ದೆ. ಹೋದ್ರು ಅಂತ ಹೇಳಿಲ್ಲ. ಒಂಟಿ ಹೆಣ್ಣು, ದಾರೀಲಿ ಎದೆ ಒಡ್ಕಂಡಾಳು."

"ಬರೀದೆ ಹೆಂಗವ್ವಾ ಇರ್ಲಿ? ಕಾನೂನು."

"ನೀನು ಬರುದ್ರೆ ಇಮಾನ ನಿಂತೋಯ್ತದೆ. ಮೂರು ದಿನ. ಈ ಸೆಕೇಲಿ ಮೂರು ದಿನ ಇಟ್ಕಳಾಕಾದಾತಾ? ಅವ್ಳಿಗೆ ಅಪ್ಪನ ಮುಖ ಸಿಕ್ಕಲ್ಲ. ಅಷ್ಟೇಯ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಊರು ನನ್ನನ್ನು ಆಡಿಕೊಳ್ಳುತ್ತದೆ. ಅದು ನನಗೂ ಗೊತ್ತು. ಅವತ್ತು ಪೂಜಾರಿಗೆ ವರ ಕೊಡಬೇಕು ಅನ್ನಿಸಿತು. ನಾನು ಮಾಡಿದ ಲೆಕ್ಕ ಸರಳವಾಗಿತ್ತು. ಬಟ್ಟೆ ಇನ್ನೂ ಪೆಟ್ಟಿಗೆಯಲ್ಲಿದೆ. ಎರಡೂವರೆಗೆ ವಿಮಾನ ಬರುತ್ತದೆ, ಬಟ್ಟೆ ಎಂದಿನಂತೆ ಮಾಳಿಗೆಯ ಮೇಲಿರುತ್ತದೆ. ವಿಮಾನ ಇಳಿದ ಮೇಲೆ ಕೆಳಗೆ ತಂದು ಅವರಿಗೆ ಹೊದಿಸಿದರಾಯಿತು. ಚೀಟಿಯನ್ನು ಆಮೇಲೆ ಕೊಟ್ಟರೆ ಮೂರು ಗಂಟೆ ತಡವಾಗುತ್ತದೆ, ಅಷ್ಟೆ. ಈ ಲೆಕ್ಕಕ್ಕಾಗಿ ನನ್ನನ್ನು ಆಮೇಲೆ ಆರು ತಿಂಗಳು ಕೆಲಸದಿಂದ ಹೊರಗಿಟ್ಟರು. ಇಟ್ಟದ್ದು ತಪ್ಪೆಂದು ನಾನು ಯಾವತ್ತೂ ವಾದಿಸಿಲ್ಲ.

"ಇಮಾನ ಇಳಿಯೋಗಂಟ ಹೊದಿಸಬೇಡಿ," ಅಂದೆ. "ಸೈರನ್ ಕೂಗಿದ ತಕ್ಷಣ ಬಟ್ಟೆ ಮ್ಯಾಲೆ ಹಾಸಿ. ಮರೀಬ್ಯಾಡಿ."

"ಮರ್ತೇನಾ?" ಅಂದರು ಸಾಕಮ್ಮ. ನಾನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡೆ.

ಸಾಕಮ್ಮ ಮರೆಯಲಿಲ್ಲ. ಮರೆತವನು ನಾನು. ಸತ್ತ ಮನೆಯಲ್ಲಿ ಹೆಂಡತಿಯ ಮಾತು ನಡೆಯುವುದಿಲ್ಲ, ಬಂದ ನೆಂಟರ ಮಾತು ನಡೆಯುತ್ತದೆ ಎಂಬುದು ನನ್ನ ಲೆಕ್ಕದೊಳಗೆ ಇರಲಿಲ್ಲ.

ಎರಡು ಗಂಟೆಗೆ ನಾನು ಟವರ್ ಹತ್ತಿದೆ. ಮೇಲೆ ಫಿಲೋಮಿನಾ ಇದ್ದರು. ವಿಮಾನಗಳ ಜೊತೆ ರೇಡಿಯೋದಲ್ಲಿ ಮಾತಾಡುವುದು ಅವರ ಕೆಲಸ. ಅವರು ಮನೆಯಲ್ಲಿಯೂ ಅದೇ ಧಾಟಿಯಲ್ಲಿ ಮಾತಾಡುತ್ತಾರೆಂದು ಅವರ ಗಂಡನೇ ಹೇಳಿಕೊಂಡು ತಿರುಗುತ್ತಾನೆ. ಕಿಟಕಿಯಾಚೆ ಹೊಗೆ ಬಿಟ್ಟು ಏನೂ ಇರಲಿಲ್ಲ. ಸೈರನ್ ಒತ್ತಿದರು. ಟವರಿಂದ ನೋಡಿದರೆ ಸಾಲಿನ ಮೊದಲ ಏಳೆಂಟು ಬಿಳಿಗಳು ಮಾತ್ರ ಕಾಣುತ್ತವೆ, ಕೊನೆಯದನ್ನು ಹ್ಯಾಂಗರಿನ ಚಾವಣಿ ಮರೆಮಾಡುತ್ತದೆ. ಕಂಡವುಗಳನ್ನು ಎಣಿಸಿ ನಾನು ಸಮಾಧಾನಪಟ್ಟುಕೊಂಡೆ.

ಪೈಲಟ್ ಹೊಸಬ, ಈ ಸಾಲಿಗೆ ಅದು ಅವನ ಎರಡನೇ ಸಲ. ರೇಡಿಯೋದಲ್ಲಿ ಅವನ ದನಿ ಎಣಿಸುತ್ತಾ ಬಂತು. ಹದಿನಾಲ್ಕು. ಹದಿನೈದು. ಹದಿನಾರು. ಹದಿನೇಳು. ಹದಿನೆಂಟು. ಆಮೇಲೆ, "ಮುಂದಿನದು ಕಾಣ್ತಿಲ್ಲ," ಅಂದ.

"ಮೇಲಕ್ಕೆ ಹೋಗಿ," ಅಂದರು ಫಿಲೋಮಿನಾ. ದನಿ ಏರಲಿಲ್ಲ. "ಬಲಕ್ಕೆ ತಿರುಗಿ ಮೇಲಕ್ಕೆ. ಈಗಲೇ."

ಸದ್ದು ನಮ್ಮ ನೆತ್ತಿಯ ಮೇಲೆ ಬಂದು, ಗಾಜುಗಳನ್ನೆಲ್ಲ ನಡುಗಿಸಿ ದೂರವಾಯಿತು. ಟ್ಯಾಂಕಿನ ಕಬ್ಬಿಣದ ಏಣಿ ಗಡಗಡ ಅಂದದ್ದು ಅರ್ಧ ಊರಿಗೆ ಕೇಳಿಸಿತಂತೆ. ಏನಾಗಿದೆ ಎಂದು ನನಗೆ ಆ ಕ್ಷಣದಲ್ಲೇ ತಿಳಿದುಹೋಯಿತು.

"ಬೋರಲಿಂಗಯ್ಯ ತೀರಿಕೊಂಡ್ರು," ಅಂದೆ.

ಫಿಲೋಮಿನಾ ತಿರುಗಿ ನೋಡಿದರು. "ಯಾವಾಗ?"

"ಹತ್ತೂವರೆಗೆ."

ಅವರು ಗೋಡೆಯ ಗಡಿಯಾರ ನೋಡಿದರು, ನನ್ನ ಜೇಬು ನೋಡಿದರು. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. "ಪಕ್ಕದ ಊರಿನ ನಿಲ್ದಾಣವೂ ಹೊಗೆಗೆ ಮುಚ್ಚಿದೆ," ಅಂದರು. "ಇನ್ನೊಂದೇ ಸಲ ಸುತ್ತಿ ಬರೋಷ್ಟು ಇಂಧನ ಇದೆ. ಇಪ್ಪತ್ತು ನಿಮಿಷ. ಅರವತ್ತೆರಡು ಜನ ಇದಾರೆ ಮೈಲಾರಯ್ಯನವ್ರೇ. ಓಡಿ."

ಓಡಿದೆ. ಟವರಿನ ವೈರ್‌ಲೆಸ್ಸೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಬೇಲಿಯನ್ನು ಕೈಯಲ್ಲಿ ಸವರಿಕೊಂಡು ಓಡಿದರೆ ಆ ಮನೆಗೆ ಆರು ನಿಮಿಷದ ದಾರಿ. ಗೋದಾಮಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು, ಆದರೆ ಗೋದಾಮು ಊರಿನ ಆ ತುದಿಯಲ್ಲಿ. ಹೋಗಿ ಬರಲು ಒಂದೂವರೆ ಗಂಟೆ. ಇಡೀ ಊರಿನ ಬಿಳಿಯನ್ನೆಲ್ಲ ನಾನೇ ಒಂದೆಡೆ ಕೂಡಿ ಹಾಕಿದ್ದೆ. ನಾನು ಅಷ್ಟು ಚೆನ್ನಾಗಿ ಕೆಲಸ ಮಾಡಿರದಿದ್ದರೆ ಯಾರ ಮನೆಯಲ್ಲಾದರೂ ಒಂದು ಹೊದಿಕೆ ಸಿಗುತ್ತಿತ್ತು.

ನಡುಮನೆಯಲ್ಲಿ ಬೋರಲಿಂಗಯ್ಯನವರನ್ನು ಮಲಗಿಸಿ, ಹೊದಿಸಿ, ಕತ್ತಿಗೆ, ಸೊಂಟಕ್ಕೆ, ಪಾದಕ್ಕೆ ಗಂಟು ಹಾಕಿ ಮುಗಿಸಿದ್ದರು. ಮೇಲೊಂದು ಚೆಂಡುಹೂವಿನ ಹಾರ. ತಲೆಯ ಹತ್ತಿರ ಅವರ ಅಕ್ಕ ದೊಡ್ಡತಾಯಮ್ಮ ಕೂತಿದ್ದರು. ಸಾಕಮ್ಮ ಗೋಡೆಗೆ ಒರಗಿ ನಿಂತಿದ್ದರು, ನನ್ನನ್ನು ಕಂಡದ್ದೇ ಮುಖ ಮುಚ್ಚಿಕೊಂಡರು. "ಬ್ಯಾಡಿ ಬ್ಯಾಡಿ ಅಂದೆ ಮೈಲಾರಣ್ಣ. ಯಾರೂ ಕೇಳ್ಲಿಲ್ಲ."

"ಯಾನ ಕೇಳೋದು?" ಅಂದರು ದೊಡ್ಡತಾಯಮ್ಮ. "ಸತ್ತೋನ್ನ ಮೂರು ಗಂಟೆ ಅಂಗೇ ಬರಿಮೈಲಿ ಕೆಡವ್ಕಂಡು ಕೂತ್ಕಳಾಕಾದಾತಾ? ನೊಣ ಮುತ್ತತಿದ್ವು."

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ವಿಮಾನ ಒಂದು ಸಲ ತಪ್ಪಿ ಮೇಲೆ ಹೋಗಿದೆ, ಹನ್ನೆರಡು ನಿಮಿಷದಲ್ಲಿ ತಿರುಗಿ ಬರುತ್ತದೆ, ಆಗಲೂ ಬಟ್ಟೆ ಇಲ್ಲದಿದ್ದರೆ ಮತ್ತೊಂದು ಸಲ ಇಲ್ಲ, ಅದರೊಳಗೆ ಇಂದುಮತಿ ಇದ್ದಾಳೆ, ತಪ್ಪು ನನ್ನದು. ಮನೆಯಲ್ಲಿದ್ದ ಐದಾರು ಜನ ಗಂಡಸರು ಹಿತ್ತಲ ಕಡೆ ನೋಡುತ್ತ ನಿಂತರು. ನಾನು ಬೋರಲಿಂಗಯ್ಯನವರ ಸೊಂಟದ ಗಂಟಿಗೆ ಕೈ ಹಾಕಲು ಬಗ್ಗಿದೆ. ದೊಡ್ಡತಾಯಮ್ಮ ನನ್ನ ಮುಂಗೈ ಹಿಡಿದುಕೊಂಡರು. ಎಂಬತ್ತರ ಮುದುಕಿ, ಹಿಡಿತ ಇಕ್ಕಳದ ಹಾಗಿತ್ತು.

"ಒಡಹುಟ್ಟಿದೋಳು ಹಾಕಿದ ಗಂಟು. ಇದ್ನ ಬಿಚ್ಚುದ್ರೆ ಅವ್ನ ಜೀವ ಎಲ್ಲಿಗೂ ಸೇರಲ್ಲ. ಅರವತ್ತೆರಡು ಜನ ಅಂತ ನನ್ನ ತಮ್ಮನ್ನ ಬೆತ್ತಲೆ ಮಾಡಿ ಅಲೀಲಿ ಅಂತ ಬಿಡ್ಲಾ?"

"ನಿಮ್ಮ ತಮ್ಮನ ಮಗಳೂ ಅವ್ಳೆ ಅದ್ರಲ್ಲಿ!" ಎಂದು ಕೂಗಿದೆ. ಹೊಗೆ ತಿಂಗಳುಗಳಲ್ಲಿ ನಾನು ಕೂಗಿದ್ದು ಕಡಿಮೆ.

ಅವರು ಕೈ ಬಿಡಲಿಲ್ಲ. ಆದರೆ ಅವರ ಕಣ್ಣಿಂದ ನೀರು ಸುರಿಯತೊಡಗಿತು. ಆ ಮುದುಕಿ ಕೆಟ್ಟವಳಲ್ಲ. ಗಂಟನ್ನು ನಂಬಿದ್ದಳು, ನಾನು ಚೀಟಿಯನ್ನು ನಂಬಿದಂತೆಯೇ.

ಆಗ ಸಾಕಮ್ಮ ಗೋಡೆ ಬಿಟ್ಟು ಮುಂದೆ ಬಂದರು. "ಬಿಚ್ಚೋದು ಬ್ಯಾಡ," ಅಂದರು, ಕಡ್ಡಿ ಮುರಿದ ಹಾಗೆ. "ಎತ್ತಿ. ನಲವತ್ತು ವರ್ಸ ಬಟ್ಟೆ ತಕ್ಕಂಡು ಅವ್ರೇ ಹತ್ತಿದ್ರು. ಇವತ್ತೂ ಅವ್ರೇ ಹತ್ಲಿ."

ದೊಡ್ಡತಾಯಮ್ಮ ನನ್ನ ಕೈ ಬಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು, "ತಲೆ ಮುಂದಾಗಿ ಎತ್ರಪ್ಪ," ಅಂದರು.

ಹಿತ್ತಲಲ್ಲಿ ಚಟ್ಟ ಕಟ್ಟಿ ಒರಗಿಸಿದ್ದರು. ಅದರ ಮೇಲೆ ಮಲಗಿಸಿ ನಾಲ್ವರು ಹೊತ್ತೆವು. ಕಾಲಿನ ಕಡೆ ಒಂದು ಮೂಲೆ ನನ್ನದು. ಮಾಳಿಗೆಯ ಮೆಟ್ಟಿಲು ಹೊರಗಡೆಯಿಂದ, ಒಬ್ಬರು ಹತ್ತುವಷ್ಟು ಅಗಲ. ನಡುವೆ ಒಂದು ತಿರುವು. ಅಲ್ಲಿ ಬಿದಿರು ಗೋಡೆಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ದೂರದಲ್ಲಿ, ಕಣಿವೆಯ ಕಡೆಯಿಂದ, ಸದ್ದು ಶುರುವಾಯಿತು. ನನಗೆ ಭಯವಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ; ಕೈ ಬೆವರಿ ಬಿದಿರು ಜಾರುತ್ತಿತ್ತು. ಸಾಕಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು ಗಂಡನ ಕತ್ತಿನ ಕೆಳಗೆ ಕೈ ಕೊಟ್ಟು, "ವಸಿ ಎಡಕ್ಕೆ ವಾಲ್ಕಳಿ," ಅಂದರು. ನಮಗೆ ಹೇಳಿದ್ದಲ್ಲ, ಅವರಿಗೆ ಹೇಳಿದ್ದು. ಚಟ್ಟ ಓರೆಯಾಗಿ, ತಿರುಗಿ, ಬಿಡಿಸಿಕೊಂಡಿತು.

ಮಾಳಿಗೆಯ ನಡುವೆ ಇಳಿಸಿದೆವು. ದೊಡ್ಡತಾಯಮ್ಮ ಏದುಸಿರು ಬಿಡುತ್ತ ಹಿಂದೆಯೇ ಹತ್ತಿ ಬಂದಿದ್ದರು. ಹನ್ನೆರಡು ಮೊಳದ ಬಟ್ಟೆ, ಮೈಗೆ ಸುತ್ತಿ ಮಿಕ್ಕಿದ್ದು ಮಡಿಕೆ ಮಡಿಕೆಯಾಗಿ ಎರಡೂ ಬದಿಗೆ ಸೇರಿಸಿದ್ದರು. ಗಂಟು ಮೂರನ್ನೂ ಮುಟ್ಟದೆ ಅವರೇ ಆ ಮಡಿಕೆಗಳನ್ನು ಒಂದೊಂದಾಗಿ ಎಳೆದು ಹರಡಿದರು. ನಾನು ಇಟ್ಟಿಗೆ ಹುಡುಕಿ ಮೂಲೆಗಳಿಗೆ ಹೇರಿದೆ. ಒಂದು ಮೂಲೆಗೆ ಇಟ್ಟಿಗೆ ಸಿಗಲಿಲ್ಲ, ಅಲ್ಲಿ ಸಾಕಮ್ಮ ಕೂತರು. ಅವರ ತಲೆಯ ವಸ್ತ್ರ ಮೆಟ್ಟಿಲಲ್ಲೇ ಜಾರಿಹೋಗಿತ್ತು. ನರೆಗೂದಲು ಗಾಳಿಗೆ ಹಾರುತ್ತಿತ್ತು. "ಅವ್ವಾ, ತಲೆ ಮುಚ್ಕಳಿ," ಅಂದೆ. ಅಂಥ ಹೊತ್ತಿನಲ್ಲೂ ಅಂದೆ. ಹನ್ನೊಂದು ವರ್ಷದ ಚಾಳಿ. ಅವರು ಕೇಳಿಸಿಕೊಳ್ಳಲಿಲ್ಲ.

ಸದ್ದು ಬೆಳೆಯಿತು. ಎಲ್ಲರೂ ಕೂತೆವು. ಸೊಂಟದ ವೈರ್‌ಲೆಸ್ಸಿನಲ್ಲಿ ಪೈಲಟ್ ಹದಿನೇಳು ಅಂದ, ಹದಿನೆಂಟು ಅಂದ. "ಹತ್ತೊಂಬತ್ತು," ಅಂದ. "ಕಂಡಿತು. ತಿರುಗ್ತಿದೀನಿ." ವಿಮಾನದ ಹೊಟ್ಟೆ, ಗಾಲಿಗಳು, ಎಲ್ಲವೂ ಹೊಗೆಯನ್ನು ಸೀಳಿಕೊಂಡು ನಮ್ಮ ತಲೆಯ ಮೇಲೆ ಹೋಯಿತು. ಗಾಳಿಗೆ ಬಟ್ಟೆ ಎದ್ದು ಬೋರಲಿಂಗಯ್ಯನವರ ಮುಖದ ಮೇಲೆ ಬಿತ್ತು. ಸಾಕಮ್ಮ ಅದನ್ನು ಸರಿಸಿ, "ಇವತ್ತು ಭಾರ ಅದೆ ಅಲ್ವಾ?" ಎಂದು ಅವರನ್ನೇ ಕೇಳಿದರು. ಆಮೇಲೆ ಅತ್ತರು. ಬೇಲಿಯಾಚೆ ಗಾಲಿ ನೆಲಕ್ಕೆ ತಾಗಿ ಕಿರುಗುಟ್ಟಿದ್ದು ಅವರ ಅಳುವಿನ ನಡುವೆಯೇ ಕೇಳಿಸಿತು.

ಕೆಳಗಿಳಿಸಲು ಗಂಡಸರು ಎದ್ದಾಗ ಸಾಕಮ್ಮ ಬೇಡವೆಂದರು. ಮಗಳು ಬರುವವರೆಗೆ ಇಲ್ಲೇ ಇರಲಿ ಅಂದರು. ಮಗಳನ್ನು ಕರೆತರುವ ಕೆಲಸ ನನಗೆ ಬಿತ್ತು. ಬೇರೆ ಯಾರಿಗೆ ತಾನೇ ಬೀಳಬೇಕು?

ನಿಲ್ದಾಣದ ಬಾಗಿಲಲ್ಲಿ ನಿಂತೆ. ಅರವತ್ತೆರಡು ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಕೆಲವರು ಅಳುತ್ತಿದ್ದರು, ಕೆಲವರು ವಿಮಾನ ಕಂಪನಿಯನ್ನು ಬಯ್ಯುತ್ತಿದ್ದರು, ಒಬ್ಬರು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದೆ. ಇಂದುಮತಿ ಕೊನೆಗೆ ಬಂದಳು, ನೀಲಿ ಚೂಡಿದಾರ, ಹೆಗಲಿಗೆ ಒಂದು ಚೀಲ. ಅತ್ತು ಅತ್ತು ಕಣ್ಣು ಊದಿತ್ತು. ಆದರೆ ಅವಳು ನಗುತ್ತಿದ್ದಳು. ನನ್ನನ್ನು ಕಂಡು ಬಿರಬಿರನೆ ಬಂದು ಎರಡೂ ಕೈ ಹಿಡಿದುಕೊಂಡಳು.

"ಅಣ್ಣಾ, ಮೊದಲನೇ ಸಲ ಬಂದಾಗ ಹದಿನೆಂಟೇ ಇತ್ತು! ನಾನು ಎಣಿಸ್ತಾ ಇದ್ದೆ. ನಮ್ಮನೆ ಮೇಲೆ ಬಟ್ಟೆ ಇಲ್ಲ. ಮುಗೀತು, ಅಪ್ಪ ಹೋಗ್ಬಿಟ್ಟ, ಇವ್ರು ನಂಗೆ ಹೇಳಿಲ್ಲ ಅಂದ್ಕೊಂಡೆ. ಜೀವ ಹೋದಂಗಾಯ್ತು. ಆಮೇಲೆ ಎರಡನೇ ಸಲ ನೋಡಿದ್ರೆ ಇದೆ! ನಮ್ಮ ಬಟ್ಟೆ, ನಮ್ಮ ಮಾಳಿಗೆ ಮೇಲೆ! ಪಕ್ಕದಲ್ಲಿದ್ದೋರಿಗೆಲ್ಲ ಹೇಳ್ದೆ, ನಮ್ಮಪ್ಪ ಹಾಸಿದ್ದು ಅಂತ. ಹುಷಾರಿಲ್ವಲ್ಲ, ಹತ್ತೋಕೆ ತಡ ಆಗಿದೆ ಅಷ್ಟೇ. ಅಲ್ವಾ ಅಣ್ಣಾ? ಹತ್ತೋಕೆ ತಡ ಆಯ್ತು ಅಲ್ವಾ?"

ಸಾಲಿನ ಮನೆಯ ಮಗಳು. ಬಟ್ಟೆ ಮಾಳಿಗೆಯ ಮೇಲಿದ್ದರೆ ಯಜಮಾನ ಬದುಕಿದ್ದಾನೆ. ಅವಳು ಸರಿಯಾಗಿಯೇ ಓದಿದ್ದಳು. ನಾಲ್ಕು ಸಲ ಹೇಳಿ ನೋಡಿಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನ ನೆರವಿಗೆ ಬರಲಿಲ್ಲ.

"ಹೌದಮ್ಮ, ತಡ ಆಯ್ತು," ಅಂದೆ. "ಮೆಟ್ಲಲ್ಲಿ ಚಟ್ಟ ಸಿಕ್ಕಾಕ್ಕೊಂತು."

ಅವಳು ನನ್ನ ಕೈ ಬಿಡಲಿಲ್ಲ. ಬಹಳ ಹೊತ್ತು ಬಿಡಲಿಲ್ಲ.